ಕೊಟೇಶನ್ ಬಿಡಿ, ಬಿಲ್ಟಿ ಕೇಳಿ

ಜಿಎಸ್‌ಟಿ ದರಗಳು 2025ರ ಸೆಪ್ಟೆಂಬರ್ 22ರಂದು ಬದಲಾದ ಮೇಲೆ ಪ್ಯಾಕರ್ಸ್ ಅಂಡ್ ಮೂವರ್ಸ್ ಬಿಲ್ಲಿನ ಬಗ್ಗೆಯೂ ಲೆಕ್ಕಾಚಾರ ಶುರುವಾಗಿದೆ. ಸರಕು ಸಾಗಣೆ ಏಜೆನ್ಸಿಗಳಿಗಿದ್ದ ಶೇ 12ರ ಆಯ್ಕೆ ಹೋಗಿ ಶೇ 18 ಬಂತು. ಇನ್‌ಪುಟ್ ಕ್ರೆಡಿಟ್ ಬೇಡವೆಂದವರಿಗೆ ಶೇ 5 ಹಾಗೇ ಉಳಿಯಿತು. ಠಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯಲ್ಲಿ ಮನೆ ಬದಲಿಸುವವರಿಗೆ ಸಿಗುವ ಉಪದೇಶವೆಲ್ಲ ಈಗ ಈ ಐದು-ಹದಿನೆಂಟರ ಸುತ್ತಲೇ ತಿರುಗುತ್ತಿದೆ. ಅದರ ಬೆನ್ನಿಗೆ ಹಳೆಯ ಮಂತ್ರ ಇದ್ದೇ ಇದೆ: ಮೂರು ಕಡೆ ಕೊಟೇಶನ್ ತರಿಸಿ, ಜಿಎಸ್‌ಟಿ ನಂಬರ್ ನೋಡಿ, ಕಡಿಮೆ ಹೇಳಿದವರಿಗೆ ಕೆಲಸ ಕೊಡಿ.

ಆ ಕೊನೆಯ ಮಾತು ತಪ್ಪು ಮಾತ್ರವಲ್ಲ, ಅಪಾಯಕಾರಿ. ಸಾಗಣೆಯ ಬಾಡಿಗೆ ಕಡಿಮೆಯಾದಷ್ಟೂ ಸಾಗಿಸುವವನ ಹೊಣೆ ಕಡಿಮೆಯಾಗುತ್ತದೆ. ಹಾಗೆಂದು ಕಾನೂನೇ ಹೇಳುತ್ತದೆ. ತೆರಿಗೆಯಲ್ಲಿ ನೂರಕ್ಕೆ ಹದಿಮೂರು ರೂಪಾಯಿ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವವರು ಈ ಒಂದು ಅಂಕಿಯನ್ನು ಮಾತ್ರ ನೋಡುವುದೇ ಇಲ್ಲ. ಆ ಅಂಕಿ ಹತ್ತು.

ಲಾರಿ, ಟೆಂಪೊಗಳಲ್ಲಿ ಸರಕು ಸಾಗಿಸುವವರಿಗೆ ಅನ್ವಯಿಸುವುದು 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ. ಜಾರಿಗೆ ಬಂದದ್ದು 2011ರ ಮಾರ್ಚ್ 1ರಿಂದ. ಅದರಡಿ ರೂಪಿಸಿದ 2011ರ ನಿಯಮಗಳಲ್ಲಿ 12ನೆಯದು ಹೇಳುವುದಿಷ್ಟು: ಸಾಮಾನು ಕಳೆದರೆ ಅಥವಾ ಹಾಳಾದರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಆ ಮೊತ್ತವೂ ಸಾಮಾನು ಒಪ್ಪಿಸುವಾಗ ತುಂಬುವ ಫಾರ್ವರ್ಡಿಂಗ್ ನೋಟ್‌ನಲ್ಲಿ ನೀವು ಘೋಷಿಸಿದ ಮೌಲ್ಯವನ್ನು ಮೀರುವಂತಿಲ್ಲ. ಹೆಚ್ಚಿನ ಭದ್ರತೆ ಬೇಕಾದರೆ ಹೆಚ್ಚಿನ ಅಪಾಯದ ದರ ಕೊಟ್ಟು ಅದನ್ನು ಬರೆಸಿಕೊಳ್ಳಲು ಕಾಯ್ದೆಯ 10 ಮತ್ತು 11ನೇ ಕಲಮುಗಳಲ್ಲಿ ಅವಕಾಶವಿದೆ. ಬರೆಸಿಕೊಳ್ಳುವವರು ವಿರಳ, ಬರೆದುಕೊಡಿ ಎಂದು ಕೇಳುವವರು ಇನ್ನೂ ವಿರಳ.

ಲೆಕ್ಕ ಹಾಕಿ ನೋಡಿ. ಡೊಂಬಿವಲಿ ಪೂರ್ವದ ಒಂದು ಒನ್ ಬಿಎಚ್‌ಕೆ ಸಂಸಾರ ನೆರೂಳಿಗೆ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಒಟ್ಟು ಬಿಲ್ಲು 12,000 ರೂಪಾಯಿ. ಅಷ್ಟನ್ನೂ ಬಾಡಿಗೆ ಎಂದು ಬರೆದರೆ ಹೊಣೆಯ ಮಿತಿ 1,20,000. ಅದೇ ಬಿಲ್ಲನ್ನು ಒಡೆದು ಪ್ಯಾಕಿಂಗ್ 5,000, ಹತ್ತಿಸಿ ಇಳಿಸುವ ಕೂಲಿ 4,000, ಬಾಡಿಗೆ 3,000 ಎಂದು ಬರೆದರೆ ಕಂಪನಿ ತೋರಿಸುವುದು ಕೊನೆಯ ಸಾಲನ್ನು ಮಾತ್ರ. ಮಿತಿ 30,000ಕ್ಕೆ ಇಳಿಯುತ್ತದೆ. ಗಿರಾಕಿಯ ಜೇಬಿನಿಂದ ಹೋದದ್ದು ಎರಡೂ ಸಲ ಅಷ್ಟೇ ಹಣ. ಆ ಮನೆಯ ಟಿವಿ, ಫ್ರಿಜ್, ವಾಷಿಂಗ್ ಮಶೀನ್, ಕಪಾಟು, ಮಂಚ ಎಲ್ಲ ಸೇರಿ ಮೂರು ಲಕ್ಷದ ಸಾಮಾನಿದ್ದರೆ, ಟೆಂಪೊ ಮಗುಚಿ ಎಲ್ಲವೂ ಪುಡಿಯಾದರೂ ಹತ್ತರಲ್ಲಿ ಒಂದು ಪಾಲಷ್ಟೇ ವಾಪಸು. ಮೌಲ್ಯದ ಕಾಲಮ್ಮಿನಲ್ಲಿ ಸೂಪರ್‌ವೈಸರ್ ತನಗೆ ತೋಚಿದಂತೆ 10,000 ಎಂದು ಗೀಚಿದ್ದರೆ ಆ ಮೂವತ್ತು ಸಾವಿರವೂ ಇಲ್ಲ.

ಈಗ ಅದೇ ಸಂಸಾರ ನಿವೃತ್ತಿಯ ನಂತರ ಉಡುಪಿಗೋ ಮಂಗಳೂರಿಗೋ ಮರಳುತ್ತದೆ ಎನ್ನಿ. ಬಾಡಿಗೆ 35,000 ಆದರೆ ಮಿತಿ ಮೂರೂವರೆ ಲಕ್ಷ. ಸಾಮಾನು ಅವೇ, ಕೈಗಳೂ ಬಹುಶಃ ಅವೇ. ಹೊಣೆಯ ಮಿತಿ ಮಾತ್ರ ಆ ಮೂವತ್ತು ಸಾವಿರದ ಹತ್ತು ಪಟ್ಟಿಗೂ ಮಿಗಿಲು. ಕಾರಣ ಸ್ಪಷ್ಟ: ಹೊಣೆಯನ್ನು ಬಾಡಿಗೆಗೆ ಕಟ್ಟಿಹಾಕಿದ್ದಾರೆ, ಬಾಡಿಗೆ ದೂರಕ್ಕೆ ಕಟ್ಟಿಕೊಂಡಿದೆ. ಆದರೆ ಮನೆ ಸಾಮಾನು ಒಡೆಯುವುದು ಹೆಚ್ಚಾಗಿ ಹೆದ್ದಾರಿಯಲ್ಲಲ್ಲ. ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಹಳೇ ಡೊಂಬಿವಲಿ ಕಟ್ಟಡದ ಮೆಟ್ಟಿಲ ತಿರುವಿನಲ್ಲಿ, ಟೆಂಪೊ ಒಳಗೆ ಬರಲಾಗದ ಗಲ್ಲಿಯಿಂದ ರಸ್ತೆಯವರೆಗೆ ತಲೆ ಮೇಲೆ ಹೊರುವಾಗ, ಕತ್ತಲಾಗುವ ಮೊದಲು ಮುಗಿಸಿ ಎಂದು ಸೊಸೈಟಿಯ ವಾಚ್‌ಮನ್ ಅವಸರ ಮಾಡುವಾಗ. ಎತ್ತಿ ಇಳಿಸುವ ಸಂಖ್ಯೆ ನೆರೂಳಿಗೂ ಉಡುಪಿಗೂ ಒಂದೇ. ಸಿಮೆಂಟು ಚೀಲ, ಬಟ್ಟೆ ಗಂಟುಗಳಿಗೆ ಹೊಂದುವ ಸೂತ್ರವನ್ನು ಅಡುಗೆಮನೆಗೂ ದೇವರ ಮಂಟಪಕ್ಕೂ ಹಚ್ಚಿದ್ದರ ಫಲ ಇದು. ಹತ್ತಿರದ ಊರಿಗೆ ಹೋಗುವವನೇ ಹೆಚ್ಚು ಅನಾಥ.

ಠಾಣೆ-ನವಿಮುಂಬಯಿಯ ನಮ್ಮ ಈ ಭಾಗದಲ್ಲಿ ಹತ್ತಿರದ ಊರಿಗೆ ಹೋಗುವವರೇ ಹೆಚ್ಚು. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಮುಗಿದ ಮೇಲೆ ಮನೆ ಬಿಡದಿದ್ದರೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೇ ಕಲಮು ದುಪ್ಪಟ್ಟು ದರದಲ್ಲಿ ಹಣ ಕಟ್ಟಿಸುತ್ತದೆ. ಹಾಗಾಗಿ ತಿಂಗಳ ಕೊನೆಯ ತಾರೀಕು ಬಾಡಿಗೆದಾರನ ಕೈಯಲ್ಲಿಲ್ಲ, ಅದು ಟೆಂಪೊದವನಿಗೂ ಗೊತ್ತು. ಡೊಂಬಿವಲಿಯ 65 ಅಕ್ರಮ ಕಟ್ಟಡಗಳ ಪ್ರಕರಣದಲ್ಲಿ 2024ರ ನವೆಂಬರ್‌ನಲ್ಲಿ ಬಾಂಬೆ ಹೈಕೋರ್ಟು ತೆರವಿಗೆ ಆದೇಶಿಸಿದಾಗ ಅಲ್ಲಿನ ಕುಟುಂಬಗಳಿಗೆ ದಿನ ನೋಡಿ ಮನೆ ಬದಲಿಸುವ ಭಾಗ್ಯವೂ ಉಳಿಯಲಿಲ್ಲ. ಇನ್ನು ಠಾಣೆ, ವಾಶಿ, ಡೊಂಬಿವಲಿಯ ಹಳೆಯ ಸೊಸೈಟಿಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಬಿಲ್ಡರ್ ಬಾಡಿಗೆಯ ಜೊತೆ ಶಿಫ್ಟಿಂಗ್ ಚಾರ್ಜ್ ಎಂದು ಒಂದು ಗಂಟು ಕೊಡುತ್ತಾನೆ. ಅದರಲ್ಲಿ ಉಳಿಸಿದ್ದು ಲಾಭ ಎಂದು ಅತಿ ಅಗ್ಗದ ಟೆಂಪೊ ಹುಡುಕುವ ಹಿರಿಯರಿಗೆ ತಾವು ಉಳಿಸಿದ ಪ್ರತಿ ನೂರಕ್ಕೆ ಸಾವಿರದ ಭದ್ರತೆ ಬಿಟ್ಟುಕೊಡುತ್ತಿದ್ದೇವೆ ಎಂದು ಯಾರೂ ಹೇಳುವುದಿಲ್ಲ.

ರೀಡೆವಲಪ್‌ಮೆಂಟ್ ಮನೆಗಳಿಗೆ ಇನ್ನೊಂದು ಕಂದಕವಿದೆ. ಕಾಯ್ದೆಯ 16ನೇ ಕಲಮಿನ ಪ್ರಕಾರ ನಷ್ಟದ ಬಗ್ಗೆ ಲಿಖಿತ ನೋಟಿಸನ್ನು 180 ದಿನಗಳ ಒಳಗೆ ಸಾಗಣೆದಾರನಿಗೆ ಮುಟ್ಟಿಸಬೇಕು. ದಿನಗಣನೆ ಶುರುವಾಗುವುದು ಸಾಮಾನು ತಲುಪಿದ ದಿನದಿಂದಲ್ಲ, ಪೆಟ್ಟಿಗೆ ಬಿಚ್ಚಿದ ದಿನದಿಂದಲೂ ಅಲ್ಲ. ಬುಕಿಂಗ್ ಆದ ದಿನದಿಂದ. ಚಿಕ್ಕ ಬಾಡಿಗೆ ಮನೆಯಲ್ಲಿ ಜಾಗ ಸಾಲದೆ ಅರ್ಧ ಸಾಮಾನನ್ನು ಅದೇ ಕಂಪನಿಯ ಗೋದಾಮಿನಲ್ಲಿಟ್ಟು, ಎರಡೋ ಮೂರೋ ವರ್ಷದ ಮೇಲೆ ಹೊಸ ಫ್ಲ್ಯಾಟಿನಲ್ಲಿ ಬಿಚ್ಚಿ ನೋಡುವವರು ಆ ಗಡುವು ಎಂದೋ ದಾಟಿದ್ದನ್ನು ಆಗ ತಿಳಿಯುತ್ತಾರೆ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಸಾಗಣೆಯ ಕಾಗದ ಬೇರೆ, ಗೋದಾಮಿನ ಕಾಗದ ಬೇರೆ ಇರಬೇಕು; ಗೋದಾಮಿಗೆ ಇಳಿಸಿದ ದಿನವೇ ಪೆಟ್ಟಿಗೆಗಳನ್ನು ತೆರೆದು ನೋಡಬೇಕು.

ಸಾಗಣೆಗೆ ಬೇಕಾದ ಕಾಗದ ಒಂದೇ: ಬಿಲ್ಟಿ. ಲಾರಿ ಆಫೀಸಿನವರು ತಲೆಮಾರುಗಳಿಂದ ಬರೆಯುವ ಅದೇ ಚೀಟಿ. ಜಿಎಸ್‌ಟಿ ಪ್ರಶ್ನೆಯ ಉತ್ತರವೂ ಅದರಲ್ಲೇ ಇದೆ ಎನ್ನುವುದು ಐದು-ಹದಿನೆಂಟರ ಪಂಡಿತರಿಗೆ ಹೊಳೆದಂತಿಲ್ಲ. 2024ರ ಸೆಪ್ಟೆಂಬರ್ 9ರ ಸಭೆಯ ನಂತರ ಜಿಎಸ್‌ಟಿ ಮಂಡಳಿ ಒಂದು ಸ್ಪಷ್ಟನೆ ಕೊಟ್ಟಿದೆ: ಏಜೆನ್ಸಿ ಬಿಲ್ಟಿ ಕೊಟ್ಟು, ಸಾಗಣೆಯ ಭಾಗವಾಗಿಯೇ ಪ್ಯಾಕಿಂಗ್, ಹತ್ತಿಸುವುದು, ಇಳಿಸುವುದು, ತಾತ್ಕಾಲಿಕ ದಾಸ್ತಾನು ಮಾಡಿದರೆ ಅವೆಲ್ಲ ಸಾಗಣೆ ಸೇವೆಯೊಳಗೇ ಸೇರುತ್ತವೆ, ಸಾಗಣೆಗೆ ಸೇರದೆ ಬೇರೆ ಬಿಲ್ಲು ಮಾಡಿದರೆ ಸೇರುವುದಿಲ್ಲ. ಅಂದರೆ ಬಿಲ್ಲು ಒಡೆದರೆ ತೆರಿಗೆ ಏರುವ ಸಾಧ್ಯತೆ, ಹೊಣೆ ಇಳಿಯುವ ಖಾತ್ರಿ. ಬಿಲ್ಲನ್ನು ಒಂದಾಗಿಸಿ, ಒಂದೇ ಬಿಲ್ಟಿಯಲ್ಲಿ ಪೂರ್ತಿ ಮೊತ್ತವನ್ನು ಬಾಡಿಗೆ ಎಂದು ಬರೆಸಿದರೆ ಎರಡೂ ಕಡೆ ಗಿರಾಕಿಗೇ ಅನುಕೂಲ. ಇದಕ್ಕಿಂತ ಸುಲಭದ ಸಲಹೆಯನ್ನು ಯಾವ ಅಂಕಣಕಾರನೂ ಕೊಡಲಾರ. ಆದರೂ ಯಾರೂ ಕೊಟ್ಟಿಲ್ಲ.

ಬಿಲ್ಟಿ ಎಂದೊಡನೆ ಇನ್ಶೂರೆನ್ಸ್ ಮಾತು ಬರುತ್ತದೆ. ಮೌಲ್ಯದ ಮೇಲೆ ಇಂತಿಷ್ಟು ಶೇಕಡಾ ಕೊಟ್ಟರೆ ಎಲ್ಲ ಕವರ್ ಎಂದು ಸೂಪರ್‌ವೈಸರ್ ಹೇಳುವುದು ಹಲವು ಸಲ ವಿಮೆಯೇ ಅಲ್ಲ, ಎಫ್‌ಒವಿ (ಫ್ರೈಟ್ ಆನ್ ವ್ಯಾಲ್ಯೂ) ಎಂಬ ಹೆಸರಿನ ಹೆಚ್ಚುವರಿ ಬಾಡಿಗೆ. ಅದು ಕೆಟ್ಟದ್ದೇನಲ್ಲ, ಹೆಚ್ಚಿನ ಅಪಾಯದ ದರ ಎಂದು ಬಿಲ್ಟಿಯಲ್ಲಿ ಬರೆದುಕೊಟ್ಟರೆ. ನಿಜವಾದ ವಿಮೆಯಾದರೆ ವಿಮಾ ಕಂಪನಿಯ ಪಾಲಿಸಿ ನಿಮ್ಮ ಹೆಸರಿನಲ್ಲಿ ಕೈಗೆ ಬರಬೇಕು. ಎರಡೂ ಇಲ್ಲದೆ ಹಣ ಮಾತ್ರ ಕೊಟ್ಟವರು ಬರೀ ಭರವಸೆಗೆ ದುಡ್ಡು ಸುರಿದಂತೆ. ಇ-ವೇ ಬಿಲ್ ಖರ್ಚು ಎಂದು ಕೇಳಿದರೂ ಕೊಡಬೇಡಿ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ಲು ಬೇಕಿಲ್ಲ ಎಂದು ಜಿಎಸ್‌ಟಿ ನಿಯಮದ ಪಟ್ಟಿಯೇ ಹೇಳುತ್ತದೆ.

ಮೌಲ್ಯ ಘೋಷಿಸುವುದು ಹೊಸ ಪದ್ಧತಿ ಎಂದುಕೊಂಡವರಿಗೆ ಒಂದು ಹಳೆಯ ಪುಟ. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿ ಹನ್ನೆರಡು ವರ್ಷಕ್ಕೆ, 1865ರಲ್ಲಿ, ಕ್ಯಾರಿಯರ್ಸ್ ಕಾಯ್ದೆ ಬಂತು. ಗಾಜು, ಪಿಂಗಾಣಿ, ಗಡಿಯಾರ, ರೇಷ್ಮೆಯಂಥ ವಸ್ತುಗಳ ಬೆಲೆ ನೂರು ರೂಪಾಯಿ ಮೀರಿದ್ದರೆ ಅದನ್ನು ಮೊದಲೇ ಹೇಳದವನಿಗೆ ಸಾಗಣೆದಾರ ಹೊಣೆಯಲ್ಲ ಎಂದು ಅದು ವಿಧಿಸಿತ್ತು. ಹೇಳಿದವನಿಗೆ ಮಾತ್ರ ರಕ್ಷಣೆ ಎಂಬ ತತ್ವಕ್ಕೆ ನೂರ ಅರುವತ್ತು ವರ್ಷ. ಅದೇ ಕಾಯ್ದೆಗೆ ಒಳ್ಳೆಯ ಅರ್ಧವೂ ಇತ್ತು: ನಷ್ಟವಾದರೆ ಸಾಗಣೆದಾರನ ಅಜಾಗರೂಕತೆಯನ್ನು ಗಿರಾಕಿ ಸಾಬೀತು ಮಾಡಬೇಕಿಲ್ಲ. ಗ್ರಾಹಕ ವೇದಿಕೆಗಳಿಗೂ ಈ ನಿಯಮ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಪಟೇಲ್ ರೋಡ್‌ವೇಸ್ ಮತ್ತು ಬಿರ್ಲಾ ಯಮಾಹಾ ಪ್ರಕರಣದಲ್ಲಿ ಹೇಳಿತು. ಬಿಲ್ಟಿಯ ಹಿಂದೆ ಚಿಕ್ಕ ಅಕ್ಷರದಲ್ಲಿ ಸಾಮಾನಿನ ಮಾಲೀಕನದೇ ಜವಾಬ್ದಾರಿ ಎಂದು ಅಚ್ಚಾಗಿರುವುದನ್ನು ನೋಡಿ ಸುಮ್ಮನಾಗುವವರು ಈ ತೀರ್ಪನ್ನು ನೆನಪಿಡಬೇಕು.

ಒಂದು ಆಕ್ಷೇಪ ಬರುತ್ತದೆ: ಹತ್ತು ಪಟ್ಟಿನ ಮಿತಿ ಇದ್ದರೇನು, ಗ್ರಾಹಕ ಆಯೋಗ ಸೇವಾ ನ್ಯೂನತೆಗೆ ಬೇರೆ ಪರಿಹಾರ ಕೊಡಬಲ್ಲದಲ್ಲ? ಕೊಡಬಲ್ಲದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಸಣ್ಣ ಮೊತ್ತದ ದೂರಿಗೆ ಶುಲ್ಕವೂ ಇಲ್ಲ. ಆದರೆ ಒಡೆದ ಟಿವಿಗಾಗಿ ತಾರೀಕಿನ ಮೇಲೆ ತಾರೀಕು ತಿರುಗುವ ತಾಳ್ಮೆ ಎಷ್ಟು ಮನೆಗಳಿಗಿದೆ? ಎದುರಾಳಿ ಮೊದಲ ದಿನವೇ 12ನೇ ನಿಯಮ ತೆಗೆದು ಮುಂದಿಟ್ಟಾಗ ಕೈಯಲ್ಲಿ ಮೌಲ್ಯ ಬರೆದ ಚೀಟಿ ಇಲ್ಲದವನ ವಾದ ಎಷ್ಟು ದೂರ ಹೋದೀತು?

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಈ ವ್ಯವಹಾರದಲ್ಲಿ ಬಹುಪಾಲು ಸಣ್ಣ ಟೆಂಪೊ ಮಾಲೀಕರು. ಹೊಣೆ ಹೆಚ್ಚಿಸಿದರೆ ಅವರು ಮುಳುಗುತ್ತಾರೆ, ದರ ಏರುತ್ತದೆ. ಮುಳುಗಬಾರದು ಸರಿ, ಆದರೆ ಕಾಯ್ದೆ ಟೆಂಪೊದವನನ್ನು ಮಾತ್ರ ಹಿಡಿದಿಲ್ಲ. ಸಾಗಣೆದಾರ ಎಂಬ ವ್ಯಾಖ್ಯೆಯೊಳಗೆ ಏಜೆಂಟ್, ದಲ್ಲಾಳಿ, ಗುತ್ತಿಗೆದಾರ ಎಲ್ಲರೂ ಬರುತ್ತಾರೆ. ಫೋನಿನಲ್ಲಿ ಗಿರಾಕಿ ಹಿಡಿದು, ಕೆಲಸವನ್ನು ಮೂರನೆಯವನಿಗೆ ಮಾರಿ, ನಡುವಿನ ಹಣ ಇಟ್ಟುಕೊಳ್ಳುವವನೂ ಬರುತ್ತಾನೆ. ನೋಂದಣಿ ಇಲ್ಲದೆ ಈ ಉದ್ಯಮ ನಡೆಸುವಂತಿಲ್ಲ ಎಂದು 3ನೇ ಕಲಮು ಹೇಳುತ್ತದೆ. ಜಿಎಸ್‌ಟಿ ನಂಬರ್ ಅವನು ತೆರಿಗೆ ಇಲಾಖೆಗೆ ಗೊತ್ತು ಎಂದಷ್ಟೇ ತೋರಿಸುತ್ತದೆ. ನಿಮ್ಮ ಕಪಾಟಿಗೆ ಹೊಣೆಗಾರ ಎಂದು ತೋರಿಸುವುದು ಸಾಗಣೆದಾರನ ನೋಂದಣಿ. ಎಂಎಚ್ 04, 05, 43, 46 ಎಂದು ಫಲಕ ಹಾಕಿ ಮನೆ ಸಾಮಾನು ಹೊತ್ತು ಓಡಾಡುವ ಗಾಡಿಗಳ ಹಿಂದಿರುವ ಬುಕಿಂಗ್ ಕಂಪನಿಗಳಲ್ಲಿ ಎಷ್ಟಕ್ಕೆ ಆ ನೋಂದಣಿ ಇದೆ ಎಂದು ಸಾರಿಗೆ ಇಲಾಖೆ ಒಮ್ಮೆ ತಪಾಸಣೆ ಮಾಡಲಿ.

ನಿಯಮ ಬದಲಿಸುವ ಅಧಿಕಾರ ಕೇಂದ್ರದ್ದು. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಮನೆ ಸಾಮಾನು ಒಯ್ಯುವವರು ಪೂರ್ತಿ ಮೌಲ್ಯದ ರಕ್ಷಣೆಯನ್ನೇ ಮೊದಲು ಕೊಡಬೇಕು. ಅದು ಬೇಡವೆಂದು ಗಿರಾಕಿ ಲಿಖಿತವಾಗಿ ಬಿಟ್ಟುಕೊಟ್ಟರೆ ಮಾತ್ರ ಪೌಂಡಿಗೆ 60 ಸೆಂಟಿನ ಜುಜುಬಿ ಹೊಣೆ. ಅಲ್ಲೂ ವಂಚನೆ ಇದೆ, ದೂರುಗಳಿವೆ. ಆದರೆ ಬಿಟ್ಟುಕೊಡುತ್ತಿರುವುದು ಏನನ್ನು ಎಂದು ಗಿರಾಕಿಗೆ ಸಹಿ ಹಾಕುವಾಗಲಾದರೂ ತಿಳಿಯುತ್ತದೆ. ನಮ್ಮಲ್ಲಿ ಅದು ತಲೆಕೆಳಗು: ಕೇಳಿದವನಿಗೆ ರಕ್ಷಣೆ, ಸುಮ್ಮನಿದ್ದವನಿಗೆ ಹತ್ತು ಪಟ್ಟು. ಮನೆ ಸಾಮಾನಿಗೆ ಪ್ರತ್ಯೇಕ ನಿಯಮ ಮಾಡಿ, ಹೊಣೆಯನ್ನು ಬಾಡಿಗೆಯಿಂದ ಬಿಡಿಸಿ ಘೋಷಿತ ಮೌಲ್ಯಕ್ಕೆ ಕಟ್ಟಲು ದೊಡ್ಡ ಕಾಯ್ದೆ ಬೇಕಿಲ್ಲ. 2011ರ ನಿಯಮಗಳಿಗೆ ಒಂದು ತಿದ್ದುಪಡಿ ಸಾಕು.

ಆ ತಿದ್ದುಪಡಿ ಬರುವ ತನಕ, ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲಿ ಗಂಟುಮೂಟೆ ಕಟ್ಟುವವರು ಒಂದೇ ಚೀಟಿಯಲ್ಲಿ ನಾಲ್ಕು ಸಂಗತಿ ಬರೆಸಿಕೊಳ್ಳಲಿ: ಸಾಗಣೆದಾರನ ನೋಂದಣಿ ಸಂಖ್ಯೆ, ಪ್ಯಾಕಿಂಗ್-ಕೂಲಿ ಸೇರಿದ ಒಟ್ಟು ಬಾಡಿಗೆ, ವಸ್ತುವಾರು ಪಟ್ಟಿಯೊಂದಿಗೆ ಘೋಷಿತ ಮೌಲ್ಯ, ಹೆಚ್ಚಿನ ಅಪಾಯದ ದರ ಕೊಟ್ಟಿದ್ದರೆ ಅದರ ಮೊತ್ತ. ಮೌಲ್ಯವನ್ನು ಕಡಿಮೆ ಬರೆದು ಜಾಣರಾಗಬೇಡಿ. ವಿಮೆ ಇದ್ದರೂ ಕಡಿಮೆ ಬರೆದಷ್ಟು ಪರಿಹಾರ ಕಡಿತವಾಗುತ್ತದೆ. ಇಷ್ಟನ್ನು ಬರೆದುಕೊಡುವವನು ಎರಡು ಸಾವಿರ ಹೆಚ್ಚು ಕೇಳಿದರೆ ಕೊಡಿ. ಬರೆಯಲು ಒಪ್ಪದವನು ಎಷ್ಟೇ ಕಡಿಮೆ ಹೇಳಿದರೂ ಅಡ್ವಾನ್ಸ್ ಕೊಡಬೇಡಿ.