ಏಪ್ರಿಲ್ 5: ಬಾವುಟ ಯಾರದು, ಭತ್ತ ಯಾರದು?

ಏಪ್ರಿಲ್ 5 ಬಂತೆಂದರೆ ಮಂಗಳೂರಿನ ಬಾವುಟಗುಡ್ಡೆಯ ಹೆಸರಿನಲ್ಲಿ ಭಾಷಣ ಜೋರು. 1837ರ ಆ ದಿನ ಅಮರ ಸುಳ್ಯದ ದಂಡು ಊರಿಗೆ ನುಗ್ಗಿ ಕಂಪನಿಯ ಬಾವುಟ ಇಳಿಸಿತು, 13 ದಿನ ಆಳಿತು. ನಿಜ. ಅದನ್ನು 'ಕಲ್ಯಾಣಪ್ಪನ ಕಾಟಕಾಯಿ' ಎಂದು ದರೋಡೆಯ ಲೆಕ್ಕಕ್ಕೆ ಸೇರಿಸಿದವರ ವಿರುದ್ಧ ನಾವೂ ನಿಲ್ಲುತ್ತೇವೆ. ಕೊಡಗಿನ ಅರಸರಿಗೆ ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು 1834ರ ನಂತರ ಕಂಪನಿ ರೊಕ್ಕದಲ್ಲೇ ತಾ ಅಂದಿತು, ರೈತ ಸಿಡಿದೆದ್ದ. 2022ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯೂ ಅಲ್ಲಿ ಎದ್ದಿತು. ಏಳಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ.

ಆದರೆ ಮಾರಾಯ್ರೆ, ಆ ಕಂದಾಯದ ಭತ್ತಕ್ಕೆ ಬೆನ್ನು ಬಗ್ಗಿಸಿದವರು ಯಾರು? ಗದ್ದೆಯ ಜೊತೆಗೇ ಕೈಬದಲಾಗುತ್ತಿದ್ದ ಮೂಲದಾಳುಗಳು, ನಮ್ಮ ಅಜ್ಜ-ಅಜ್ಜಿಯರು. ಗುಲಾಮಗಿರಿಯನ್ನು ಕೋರ್ಟು ಮಾನ್ಯ ಮಾಡಕೂಡದೆಂಬ ಕಾನೂನು ಬಂದದ್ದೇ 1843ರಲ್ಲಿ. ಅಂದಮೇಲೆ ಆ 13 ದಿನದ ಸ್ವಾತಂತ್ರ್ಯದಲ್ಲೂ ಅವರು ಧಣಿಯ ಸೊತ್ತೇ. ಈ ಮಾತು ವೇದಿಕೆ ಮೇಲೆ ಯಾಕೆ ಬರೋದಿಲ್ಲ?

ಅದೇ ಏಪ್ರಿಲ್ 5ರಂದು, 1908ರಲ್ಲಿ, ಬಿಹಾರದ ಚಮ್ಮಾರರ ಮನೆಯಲ್ಲಿ ಜಗಜೀವನರಾಮ್ ಹುಟ್ಟಿದರು. 1971ರ ಯುದ್ಧದಲ್ಲಿ ದೇಶದ ರಕ್ಷಣಾ ಮಂತ್ರಿ ಅವರೇ. ಢಾಕಾ ಶರಣಾಯಿತು, ಸುಮಾರು 93,000 ಮಂದಿ ಸೆರೆಯಾದರು. 1978ರಲ್ಲಿ ಅವರು ಕಾಶಿಯಲ್ಲಿ ಸಂಪೂರ್ಣಾನಂದರ ಪ್ರತಿಮೆ ಅನಾವರಣ ಮಾಡಿದರೆ, ಮೈಲಿಗೆ ಆಯ್ತೆಂದು ಗಂಗಾಜಲ ಹುಯ್ದು ತೊಳೆದರು. ಆಗಲೂ ಅವರು ರಕ್ಷಣಾ ಮಂತ್ರಿಯೇ ಸ್ವಾಮಿ! ಮೂರು ಸೇನೆಗಳು ಅವರ ಖಾತೆಯಲ್ಲಿದ್ದವು, ಒಂದು ಚೊಂಬು ನೀರನ್ನು ತಡೆಯಲಾಗಲಿಲ್ಲ.

ಕಚೇರಿಯಲ್ಲಿ ಅವರ ಪಟಕ್ಕೊಂದು ಹಾರ. ಗುಡ್ಡೆಯಲ್ಲಿ ದಂಡಿಗೆ ಜೈಕಾರ. ಒಂದೇ ದಿನ, ಎರಡು ಪಂಕ್ತಿ. ಮುಂದಿನ ಏಪ್ರಿಲ್ 5ಕ್ಕೆ ನಾವೂ ಗುಡ್ಡೆ ಹತ್ತುತ್ತೇವೆ. ಮೂಲದಾಳುಗಳ ಕತೆಯನ್ನೂ ಕಾಶಿಯ ಕತೆಯನ್ನೂ ಅದೇ ಮೈಕಿನಲ್ಲಿ ಹೇಳಿಸಿ.