ಮೆಸೇಜ್‌ನಲ್ಲಿ 10³ ಏಕೆ 103 ಆಗುತ್ತದೆ? ಲ್ಯಾಬ್ ರಿಪೋರ್ಟ್ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದಿದೆ ಎಂದುಕೊಳ್ಳೋಣ. ಲ್ಯಾಬ್ ಕಳಿಸಿದ ಪಿಡಿಎಫ್‌ನಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ‘150 × 10³’ ಎಂದಿದೆ. ಅದನ್ನು ಕಾಪಿ ಮಾಡಿ ಕುಟುಂಬದ ಗ್ರೂಪ್‌ಗೆ ಹಾಕಿದಾಗ ಕೆಲವೊಮ್ಮೆ ‘150 × 103’ ಎಂದು ಕಾಣುತ್ತದೆ.

ವ್ಯತ್ಯಾಸ ಸಣ್ಣದಲ್ಲ. 10³ ಎಂದರೆ 1,000. ಹಾಗಾಗಿ ರಿಪೋರ್ಟ್‌ನಲ್ಲಿರುವುದು ಒಂದು ಮೈಕ್ರೋಲೀಟರ್ ರಕ್ತದಲ್ಲಿ 1,50,000 ಪ್ಲೇಟ್‌ಲೆಟ್. ವಯಸ್ಕರಲ್ಲಿ ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತದೆ. ಮೆಸೇಜ್‌ನಲ್ಲಿರುವುದನ್ನು ಗುಣಿಸಿದರೆ ಬರುವುದು ಬರೀ 15,450. ಓದಿದವರು ಗಾಬರಿಯಾಗುವುದು ಸಹಜ.

ಹೀಗೇಕೆ ಆಗುತ್ತದೆ?

ಮೆಸೇಜ್‌ನ ಪಠ್ಯ ಎಂದರೆ ಒಂದರ ಹಿಂದೆ ಒಂದು ಸಾಲಾಗಿ ನಿಂತ ಅಕ್ಷರಗಳು. ಪಿಡಿಎಫ್‌ನಲ್ಲಿ ಮೇಲಿರುವ 3 ಅನೇಕ ಸಲ ಮಾಮೂಲಿ 3 ಆಗಿರುತ್ತದೆ. ಅದನ್ನು ಚಿಕ್ಕದು ಮಾಡಿ, ಸ್ವಲ್ಪ ಮೇಲೆ ಇಟ್ಟಿರುತ್ತಾರೆ ಅಷ್ಟೇ. ಕಾಪಿ ಮಾಡಿದಾಗ ಅಂಕಿ ಬರುತ್ತದೆ, ಅದರ ಜಾಗ ಬರುವುದಿಲ್ಲ.

ಹಾಗಾದರೆ ಕನ್ನಡದ ಒತ್ತಕ್ಷರ ಏಕೆ ಕೆಡುವುದಿಲ್ಲ? ‘ಸ್ತ್ರೀ’ ಪದದಲ್ಲಿ ಎರಡು ಒತ್ತುಗಳಿವೆ. ಫೋನ್ ಅದನ್ನೂ ಸಾಲಾಗಿಯೇ ಉಳಿಸುತ್ತದೆ. ಆದರೆ ಅಕ್ಷರಗಳ ನಡುವೆ ಹಲಂತ ಚಿಹ್ನೆ ಇರುತ್ತದೆ, ಅದನ್ನು ನೋಡಿ ಫಾಂಟ್ ಒತ್ತು ಕೊಡುತ್ತದೆ. ಸಾಮಾನ್ಯ ಅಂಕಿಗಳಿಗೆ ಅಂಥ ಚಿಹ್ನೆ ಇಲ್ಲ.

ಮೇಲೊಂದು ಕೆಳಗೊಂದು ಇದ್ದರೆ ಕಷ್ಟ ಇನ್ನೂ ಹೆಚ್ಚು. ಯುರೇನಿಯಂ ಸಂಕೇತದ ಎಡಕ್ಕೆ ಮೇಲೆ 235, ಕೆಳಗೆ 92 ಬರೆಯುತ್ತಾರೆ. ಕಾಪಿ ಮಾಡಿದರೆ ಅದು ‘23592’ ಆಗಬಹುದು. ಗಣಿತದಲ್ಲಿ ಸಿಗ್ಮಾ ಚಿಹ್ನೆಯ ಕೆಳಗೆ ಎರಡು ಸಾಲು ಷರತ್ತುಗಳನ್ನು ಒಂದರ ಕೆಳಗೊಂದು ಜೋಡಿಸುವುದೂ ಉಂಟು.

ಇಂಥ ಜೋಡಣೆಗಾಗಿಯೇ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 1977ರಲ್ಲಿ ‘ಟೆಕ್’ ಎಂಬ ತಂತ್ರಾಂಶದ ಕೆಲಸ ಶುರು ಮಾಡಿದರು. ತಮ್ಮ ಪುಸ್ತಕದ ಹೊಸ ಆವೃತ್ತಿಯ ಅಚ್ಚು ಅವರಿಗೆ ಹಿಡಿಸಿರಲಿಲ್ಲ. ಟೆಕ್ ಪ್ರತಿ ಚಿಹ್ನೆಯನ್ನೂ ಒಂದು ಪೆಟ್ಟಿಗೆ ಎಂದು ಎಣಿಸಿ ಅಕ್ಕಪಕ್ಕ, ಮೇಲೆ ಕೆಳಗೆ ಜೋಡಿಸುತ್ತದೆ. ಮೂಲ ಅಕ್ಷರ 10 ಪಾಯಿಂಟ್ ಇದ್ದರೆ ಕೆಳಗಿನದು 7, ಅದರ ಕೆಳಗಿನದು 5. ನಮ್ಮ ಮೆಸೇಜ್ ಪೆಟ್ಟಿಗೆಯಲ್ಲಿ ಈ ಸೌಲಭ್ಯ ಇಲ್ಲ.

ನೀವು ಏನು ಮಾಡಬಹುದು?

• ರಿಪೋರ್ಟ್ ಅನ್ನು ಕಾಪಿ ಮಾಡಬೇಡಿ. ಪಿಡಿಎಫ್ ಅಥವಾ ಫೋಟೋ ಕಳಿಸಿ.
• ಟೈಪ್ ಮಾಡಲೇಬೇಕಿದ್ದರೆ ‘1,50,000’ ಎಂದು ಪೂರ್ತಿ ಬರೆಯಿರಿ. 10^3 ಎಂದೂ ಬರೆಯಬಹುದು.
• ಕೀಬೋರ್ಡ್‌ನಲ್ಲಿ 3 ಅನ್ನು ಒತ್ತಿ ಹಿಡಿದರೆ ಹಲವು ಫೋನ್‌ಗಳಲ್ಲಿ ³ ಸಿಗುತ್ತದೆ. ಇದು ಪ್ರತ್ಯೇಕ ಅಕ್ಷರ, ಆದ್ದರಿಂದ ಫಾರ್ವರ್ಡ್ ಆದರೂ ಉಳಿಯುತ್ತದೆ.
• ಮೆಸೇಜ್‌ನಲ್ಲಿ 103, 106, 109 ಕಂಡರೆ ಮೂಲ ರಿಪೋರ್ಟ್ ಕೇಳಿ ನೋಡಿ. ಅದು 10³, 10⁶, 10⁹ ಇರಬಹುದು.

ಸಂಖ್ಯೆ ಏನು ಹೇಳುತ್ತದೆ ಎಂಬುದನ್ನು ವೈದ್ಯರೇ ತೀರ್ಮಾನಿಸಲಿ. ಅವರಿಗೆ ಸರಿಯಾದ ಸಂಖ್ಯೆ ತಲುಪಿಸುವುದು ನಮ್ಮ ಕೈಯಲ್ಲಿದೆ.