ಕೊತ್ತಂಬರಿ ಸೊಪ್ಪನ್ನು ಒಂದು ಗಂಟೆ ಕುದಿಸ್ತೀರಾ?

ಮನೆಯಲ್ಲಿ ಬಿಯರ್ ಮಾಡುವ ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ರೋಗ ಅಂಟಿಕೊಂಡಿದೆ. ಬಿಯರ್ ಹೇಗಿದೆ ಅಂತ ಕೇಳಿದರೆ ರುಚಿ ಹೇಳಲ್ಲ, ಐಬಿಯು ಹೇಳ್ತಾರೆ. "ನಂದು ಎಪ್ಪತ್ತು" ಅಂತ ಒಬ್ಬ, "ನಂದು ತೊಂಬತ್ತು" ಅಂತ ಇನ್ನೊಬ್ಬ. ಒಂದು ಗುಟುಕಿಗೆ ಮುಖ ಕಿವುಚಿದಿರೋ, "ನಿನಗಿನ್ನೂ ಟೇಸ್ಟ್ ಬಂದಿಲ್ಲ ಬಿಡು" ಅನ್ನೋ ಸರ್ಟಿಫಿಕೇಟ್ ಗ್ಯಾರಂಟಿ. ಹಳ್ಳಿಯಿಂದ ಬಂದವನು, ಇವನಿಗೇನು ಗೊತ್ತು ಅನ್ನೋ ಧಾಟಿ. ಹಾಗಲಕಾಯಿ ತಿಂದು ಬೆಳೆದವನಿಗೆ ಕಹಿಯ ಪಾಠ ಹೇಳಬೇಡಿ ಸ್ವಾಮಿ. ಹಾಗಲಕಾಯಿಗೂ ನಮ್ಮಮ್ಮ ಹುಣಸೆಹುಳಿ, ಬೆಲ್ಲ ಹಾಕ್ತಾರೆ. ಕಹಿ ತಡ್ಕೊಳ್ಳೋದು ಒಂದು ಸಾಧನೆ ಅಂತ ಅವರಿಗೆ ಯಾವತ್ತೂ ಅನ್ನಿಸಿಲ್ಲ.

ನಾನಿರೋದು ಸಿಯಾಟಲ್‌ನಲ್ಲಿ. ಹಾಪ್ಸ್ ಬೆಳೆಯುವ ಯಾಕಿಮಾ ಕಣಿವೆ ಇಲ್ಲಿಂದ ಎರಡೂವರೆ ಗಂಟೆ ದಾರಿ. 1978ರಲ್ಲಿ ಕಾರ್ಟರ್ ಸಹಿ ಹಾಕಿದ ಮೇಲೆ ಮನೆ ಬಿಯರ್‌ಗೆ ಈ ದೇಶದ ಕೇಂದ್ರ ಕಾನೂನಿನ ಅಡ್ಡಿಯಿಲ್ಲ. (ಊರಲ್ಲಿ ಇದನ್ನೇ ಮಾಡಿದರೆ ಅಬಕಾರಿಯವರು ಬಾಗಿಲು ತಟ್ತಾರೆ. ಅದು ಬೇರೆ ಜಗಳ.) ಇಷ್ಟು ಅನುಕೂಲ ಇಟ್ಕೊಂಡೂ ಕಷಾಯ ಕಾಯಿಸ್ತಾರಲ್ಲ ಅನ್ನೋದೇ ನನ್ನ ಹೊಟ್ಟೆಯುರಿ.

ಹಾಪ್ಸ್ ಜಾಸ್ತಿ ಅಂದರೆ ಕಹಿ ಜಾಸ್ತಿ ಅಂತಲ್ಲ. ಆ ಹೂವಿನಲ್ಲಿರೋ ಆಲ್ಫಾ ಆಸಿಡ್ ಕುದಿದಷ್ಟೂ ರೂಪ ಬದಲಿಸಿ ಕಹಿ ಬಿಡುತ್ತೆ. ಅದೇ ಹೂವಿನ ಎಣ್ಣೆ ಕುದಿದಷ್ಟೂ ಆವಿಯಾಗಿ ಹೋಗುತ್ತೆ. ಮಾವು, ಕಿತ್ತಳೆ ಸಿಪ್ಪೆ ಅಂತ ನಾವು ಬಾಯಿ ಚಪ್ಪರಿಸೋ ಘಮವೆಲ್ಲ ಆ ಎಣ್ಣೆಯದು. ಕೊತ್ತಂಬರಿ ಸೊಪ್ಪನ್ನು ಸಾರು ಇಳಿಸುವಾಗ ಹಾಕ್ತೀವೋ, ಬೇಳೆ ಜೊತೆ ಕುಕ್ಕರಿಗೆ ಹಾಕ್ತೀವೋ? ದುಬಾರಿ ಸಿಟ್ರಾ ತಂದು 60 ನಿಮಿಷ ಕುದಿಸೋನು ಘಮವನ್ನೆಲ್ಲ ಗ್ಯಾರೇಜಿಗೆ ಹಂಚಿ, ಗ್ಲಾಸಿಗೆ ಬರೀ ಕಹಿ ಬಗ್ಗಿಸ್ಕೊಳ್ತಾನೆ.

"ಐಪಿಎ ಸಂಪ್ರದಾಯನೇ ಹಾಗೆ" ಅಂತಾರೆ. ಇಂಗ್ಲೆಂಡಿನಿಂದ ಕಲ್ಕತ್ತಾಗೆ ಬಿಯರ್ ಹಡಗಲ್ಲಿ ತಿಂಗಳುಗಟ್ಟಲೆ ಬರ್ತಿತ್ತು, ಕೆಡದಿರಲಿ ಅಂತ ಹಾಪ್ಸ್ ಸುರೀತಿದ್ರು. ನಿಮ್ಮದು ಗ್ಯಾರೇಜಿಂದ ಫ್ರಿಜ್ಜಿಗೆ ಹತ್ತು ಹೆಜ್ಜೆ.

20 ಲೀಟರಿಗೆ ನನ್ನ ಲೆಕ್ಕ ಹೀಗೆ. 4 ಕೆಜಿ ಪೇಲ್ ಮಾಲ್ಟ್, 400 ಗ್ರಾಂ ಓಟ್ಸ್, ಗ್ರಾವಿಟಿ 1.050ರ ಆಸುಪಾಸು. ಕುದಿ ಶುರುವಾದಾಗ 12% ಆಲ್ಫಾ ಇರೋ ಹಾಪ್ಸ್ ಬರೀ 8 ಗ್ರಾಂ. ಉರಿ ಆರಿಸಿ, 80 ಡಿಗ್ರಿಗೆ ಇಳಿದ ಮೇಲೆ 50 ಗ್ರಾಂ ಸಿಟ್ರಾ, 20 ನಿಮಿಷ. ಹುದುಗು ಮುಗಿಯುವ ಹೊತ್ತಿಗೆ ಮತ್ತೆ 80 ಗ್ರಾಂ, ಮೂರು ದಿನ. ಒಟ್ಟು 138 ಗ್ರಾಂ ಹಾಪ್ಸ್‌ನಲ್ಲಿ ಕುದ್ದಿದ್ದು ಎಂಟೇ ಗ್ರಾಂ. ಐಬಿಯು ಇಪ್ಪತ್ತೈದು ಚಿಲ್ಲರೆ. ನೀರಲ್ಲಿ ಸಲ್ಫೇಟ್‌ಗಿಂತ ಕ್ಲೋರೈಡ್ ಮುಂದಿರಲಿ, ಕಹಿ ಚುಚ್ಚಲ್ಲ.

ಕಹಿ ಇಷ್ಟು ಕಮ್ಮಿಯಾದರೆ ಪಾನಕ ಆಗಲ್ವಾ ಅಂತ ತಕರಾರು ಬರುತ್ತೆ. ಆ ತಕರಾರು ಒಪ್ಪತಕ್ಕದ್ದೇ. ಅದಕ್ಕೇ ಆ 8 ಗ್ರಾಂ ಇರೋದು. ಅದಕ್ಕೇ ಕ್ಯಾರಮೆಲ್ ಮಾಲ್ಟ್ ಹಾಕಲ್ಲ, ಮ್ಯಾಶ್ 66 ಡಿಗ್ರಿ ದಾಟಿಸಲ್ಲ. ಸಿಹಿ ಉಳಿಯದಿದ್ದರೆ ಅದನ್ನು ಮುಚ್ಚೋಕೆ ಕಹಿ ಯಾಕೆ ಬೇಕು?

ಇನ್ನು ಆಪ್ ನಂಬೋ ಎಂಜಿನಿಯರುಗಳಿಗೆ ಒಂದು ಮಾತು. ಉರಿ ಆರಿಸಿ ಹಾಕಿದ ಹಾಪ್ಸ್‌ಗೆ ಸೊನ್ನೆ ನಿಮಿಷ ಅಂತ ಕೊಟ್ಟರೆ ಟಿನ್ಸೆತ್ ಸೂತ್ರ ಸೊನ್ನೆ ಕಹಿ ಅಂತ ತೋರಿಸುತ್ತೆ. 95 ಡಿಗ್ರಿಯಲ್ಲಿ ಅರ್ಧ ಗಂಟೆ ಪಾತ್ರೆ ಸುಮ್ಮನೆ ಕೂತಿದ್ದರೆ ಆಲ್ಫಾ ಆಸಿಡ್ ಏನು ರಜೆ ಹಾಕಿರುತ್ತಾ? ಆಮೇಲೆ "ರೆಸಿಪಿ ಸರಿಯಿಲ್ಲ" ಅಂತ ಬೈಯೋದು. ಇನ್‌ಪುಟ್ ಕೊಟ್ಟೋರು ಯಾರಪ್ಪ? ಮೊದಲು ಥರ್ಮಾಮೀಟರ್ ಕೊಳ್ಳಿ.

ಬಾಟ್ಲಿಗೆ ತುಂಬುವಾಗ ಆದಷ್ಟೂ ಗಾಳಿ ಸೋಕಿಸಬೇಡಿ, ತಣ್ಣಗಿಡಿ, ಬೇಗ ಕುಡಿದು ಮುಗಿಸಿ. ಮುಂದಿನ ಸಲ ಯಾರಾದರೂ ಗ್ಲಾಸ್ ಕೈಗಿಟ್ಟು ಐಬಿಯು ಹೇಳೋಕೆ ಶುರು ಮಾಡಿದರೆ, ಬಾಟ್ಲಿಗೆ ತುಂಬಿದ ತಾರೀಖು ಕೇಳಿ.